ಒಳಪುಟಕ್ಕೆ ಸರಿದ ಸುದ್ದಿ

(ವಿಜಯಪುರದಲ್ಲಿ ಪತ್ರಿಕೋದ್ಯಮ ವಿದ್ಯಾರ್ಥಿಗಳ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ. ಆಡುವಾಗ ಬಂದ ಪುನರುಕ್ತಿಗಳನ್ನು ತೆಗೆದಿದ್ದೇನೆ. ಕೊನೆಯಲ್ಲಿ ವಿದ್ಯಾರ್ಥಿಗಳು ಕೇಳಿದ ಪ್ರಶ್ನೆಗಳಲ್ಲಿ ಎರಡನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಚುನಾವಣೆಯ ಹೊತ್ತಿನಲ್ಲಿ ವಿದ್ಯಾರ್ಥಿ ಪತ್ರಿಕೆ ಹೇಗಿರಬೇಕು ಎಂದು ಕೇಳಿದರೆ ನಮ್ಮ ಕಡೆ ಸಿಗುವ ಉತ್ತರ ಎರಡು. ಒಂದು, 'ರಾಜಕೀಯದ ಗೊಡವಿ ನಿಮಗ್ಯಾಕ, ಕ್ರೀಡಾಕೂಟದ ಸುದ್ದಿ ಬರೀರಿ.' ಇನ್ನೊಂದು, 'ಬರಿಯೂದಾದ್ರ ಎಲ್ಲಾ ಪಕ್ಷಕ್ಕೂ ಸರಿಸಮ ಜಾಗ ಕೊಡ್ರಿ, ಯಾರೂ ತಕರಾರು ಮಾಡಂಗಿಲ್ಲ.' ಮೊದಲನೆಯದು ಪತ್ರಿಕೆಯನ್ನೇ ಮುಚ್ಚಿ ಎನ್ನುವ ಸಲಹೆ. ಎರಡನೆಯದು ಕೇಳಲು ನ್ಯಾಯವಾಗಿದೆ, ಆದರೆ ಪಕ್ಷಪಾತಕ್ಕೆ ಅದು ಮದ್ದಲ್ಲ. ಯಾಕೆ ಅಲ್ಲ ಎನ್ನುವುದೇ ಇವತ್ತಿನ ನನ್ನ ಮಾತಿನ ಬಹುಪಾಲು.

ರಾಜಕೀಯ ನಿಮಗೆ ಸಂಬಂಧಿಸಿದ್ದಲ್ಲ ಎನ್ನುವವರಿಗೆ ಹೆಚ್ಚು ಹೊತ್ತು ಕೊಡಬೇಕಿಲ್ಲ. ಸಂವಿಧಾನದ 61ನೇ ತಿದ್ದುಪಡಿ ಮತದಾನದ ವಯಸ್ಸನ್ನು 21ರಿಂದ 18ಕ್ಕೆ ಇಳಿಸಿ, ಅದು 1989ರಲ್ಲಿ ಜಾರಿಗೆ ಬಂತು. ಅಂದರೆ ಪದವಿ ಕಾಲೇಜಿನ ಪತ್ರಿಕೆಯನ್ನು ಓದುವವರು ಹೆಚ್ಚುಕಡಿಮೆ ಎಲ್ಲರೂ ಮತದಾರರು. 2023ರ ಮೇ 10ರಂದು ವಿಧಾನಸಭೆಗೆ, 2024ರ ಮೇ 7ರಂದು ಲೋಕಸಭೆಗೆ ವಿಜಯಪುರ, ಬಾಗಲಕೋಟೆ, ಬೆಳಗಾವಿ ಜಿಲ್ಲೆಗಳಲ್ಲಿ ಮತದಾನ ನಡೆದಾಗ ನಿಮ್ಮ ಹಿಂದಿನ ಬ್ಯಾಚಿನವರು ಬೆರಳಿಗೆ ಶಾಯಿ ಹಚ್ಚಿಸಿಕೊಂಡು ಬಂದವರೇ. ಅವರಿಗೆ ಕ್ರೀಡಾಕೂಟದ ಸುದ್ದಿ ಮಾತ್ರ ಕೊಟ್ಟ ಪತ್ರಿಕೆ ಅವರನ್ನು ಹಗುರವಾಗಿ ಕಂಡಿದೆ.

ಈ ಊರಿಗೆ ಪತ್ರಿಕೆ ಹೊಸದಲ್ಲ. ವಕೀಲರಾಗಿದ್ದ ಫ.ಗು. ಹಳಕಟ್ಟಿಯವರು 1925ರಲ್ಲಿ ಇಲ್ಲಿಯೇ ಹಿತಚಿಂತಕ ಮುದ್ರಣಾಲಯ ತೆರೆದರು. ಮರುವರ್ಷ 'ಶಿವಾನುಭವ', ಅದರ ಮರುವರ್ಷ 'ನವಕರ್ನಾಟಕ' ವಾರಪತ್ರಿಕೆ ಹೊರಟವು. ಇದೇ ಜಿಲ್ಲೆಯ ಮೊಹರೆ ಹಣಮಂತರಾಯರು 'ಕರ್ನಾಟಕ ವೈಭವ'ದಲ್ಲಿ ಪಳಗಿ, ಮುಂದೆ 'ಸಂಯುಕ್ತ ಕರ್ನಾಟಕ'ದ ಸಂಪಾದಕರಾದರು. ಆ ತಲೆಮಾರಿನ ಪತ್ರಿಕೆಗಳು ತಟಸ್ಥವಾಗಿದ್ದವೇ? ಖಂಡಿತ ಇಲ್ಲ. ಸ್ವಾತಂತ್ರ್ಯ ಬೇಕು, ಕರ್ನಾಟಕ ಒಂದಾಗಬೇಕು ಎಂಬ ನಿಲುವು ಅವುಗಳ ಮುಖದ ಮೇಲೆಯೇ ಇತ್ತು. ಚಂದಾ ಕಟ್ಟುವವನಿಗೆ ತಾನು ಯಾವ ಪತ್ರಿಕೆಗೆ ಚಂದಾ ಕಟ್ಟುತ್ತಿದ್ದೇನೆ ಎಂಬುದು ಗೊತ್ತಿತ್ತು. ಆದ್ದರಿಂದ ನಿಲುವು ಇರುವುದೇ ಪಕ್ಷಪಾತ ಎಂದು ನಾನು ಹೇಳುವುದಿಲ್ಲ. ಸಂಪಾದಕೀಯ ಪುಟದಲ್ಲಿ, ಬರೆದವರ ಹೆಸರು ಹಾಕಿ, 'ಈ ಕಾರಣಕ್ಕೆ ಈ ಧೋರಣೆ ಸರಿ, ಈ ಕಾರಣಕ್ಕೆ ಅದು ತಪ್ಪು' ಎಂದು ವಾದಿಸಿ. ಎದುರು ವಾದಿಸುವ ಸಹಪಾಠಿಗೆ ಮುಂದಿನ ಸಂಚಿಕೆಯಲ್ಲಿ ಜಾಗ ಕೊಡಿ. ಅದು ಆರೋಗ್ಯವಂತ ಪತ್ರಿಕೆ.

ತೊಂದರೆ ಇರುವುದು ಸುದ್ದಿಯ ಪುಟದಲ್ಲಿ. ಅಲ್ಲಿ ನಿಲುವು ನಿಲುವಿನಂತೆ ಕಾಣಿಸುವುದಿಲ್ಲ.

ಒಂದು ಉದಾಹರಣೆ ಹೇಳುತ್ತೇನೆ. ನಮ್ಮ ಭಾಗದ ಒಂದು ಕಾಲೇಜಿನ ನಾಲ್ಕು ಪುಟದ ಪ್ರಾಯೋಗಿಕ ಪತ್ರಿಕೆ, ಪ್ರಚಾರದ ದಿನಗಳಲ್ಲಿ ಅಚ್ಚಾದ ಸಂಚಿಕೆ. ಮುಖಪುಟದ ಮೇಲರ್ಧದಲ್ಲಿ ಒಂದು ಪಕ್ಷದ ರೋಡ್ ಶೋ. ತೆರೆದ ವಾಹನದ ಮೇಲೆ ನಾಯಕರು, ಕೆಳಗೆ ಹೂವಿನ ಸುರಿಮಳೆ, ಕ್ಯಾಮೆರಾ ವಾಹನದ ಮುಂದೆ ತಗ್ಗಿನಲ್ಲಿ ನಿಂತು ಮೇಲಕ್ಕೆ ನೋಡಿದೆ. 'ಹರಿದು ಬಂದ ಜನಸಾಗರ' ಎಂದು ತಲೆಬರಹ. ಅದೇ ಪುಟದ ಕೆಳಮೂಲೆಯಲ್ಲಿ ಇನ್ನೊಂದು ಪಕ್ಷದ ಬಹಿರಂಗ ಸಭೆ, ಫೋಟೋ ಇಲ್ಲದ ಒಂದು ಕಾಲಂ, 'ಪ್ರಚಾರ ಸಭೆ' ಎಂದಷ್ಟೇ ತಲೆಬರಹ. ಮೂರನೇ ಪುಟದಲ್ಲಿ, ಗ್ರಂಥಾಲಯಕ್ಕೆ ಹೊಸ ಪುಸ್ತಕ ಬಂದ ಸುದ್ದಿಯ ಪಕ್ಕ, ಇನ್ನೊಂದು ಪುಟ್ಟ ಸುದ್ದಿ ಇತ್ತು. ಹಳ್ಳಿಯಿಂದ ಬರುವ ವಿದ್ಯಾರ್ಥಿನಿಯರು ಬೆಳಗಿನ ಬಸ್ಸು ಸಿಗದೆ ಮೊದಲ ತಾಸಿನ ಪಾಠ ತಪ್ಪಿಸಿಕೊಳ್ಳುತ್ತಿದ್ದಾರೆ ಎಂದು. ಆ ಸುದ್ದಿ ಬರೆದ ಹುಡುಗಿ ಬಸ್ ನಿಲ್ದಾಣಕ್ಕೆ ಹೋಗಿ ನಾಲ್ಕು ಜನರನ್ನು ಮಾತಾಡಿಸಿದ್ದಳು. ಇಡೀ ಸಂಚಿಕೆಯಲ್ಲಿ ಯಾರನ್ನಾದರೂ ಮಾತಾಡಿಸಿ ಬರೆದ ಸುದ್ದಿ ಅದೊಂದೇ.

ಸಂಪಾದಕ ಮಂಡಳಿಯ ಹುಡುಗ ನನ್ನೆದುರು ಕೂತು, 'ಸರ್, ಒಂದಕ್ಷರ ಸುಳ್ಳು ಬರದಿಲ್ರಿ ನಾವು' ಎಂದ. ನಿಜ, ಅವನು ಹೇಳಿದ್ದರಲ್ಲಿ ತಪ್ಪಿಲ್ಲ. ಜನ ಬಂದಿದ್ದರು, ಹೂವು ಸುರಿದದ್ದು ಹೌದು, ಇನ್ನೊಂದು ಸಭೆಯೂ ನಡೆದಿತ್ತು. ಆದರೆ ಯಾವುದು ಮೇಲೆ, ಯಾವುದು ಕೆಳಗೆ, ಯಾವುದಕ್ಕೆ ಚಿತ್ರ, ಯಾವುದಕ್ಕೆ ಬರೀ ನಾಲ್ಕು ಸಾಲು ಎಂಬ ಆಯ್ಕೆಗಳೆಲ್ಲ ಒಂದೇ ಕಡೆ ವಾಲಿದ್ದವು. ಸುಳ್ಳು ಬರೆಯದೆಯೂ ವಾಲಬಹುದು. ಈ ಮೂರು ಸುದ್ದಿಗಳಲ್ಲಿ ಓದುಗರಿಗೆ ಸೇರಿದ್ದು ಬಸ್ಸಿನದು. ಅದು ಒಳಪುಟಕ್ಕೆ ಸರಿದಿತ್ತು. ನನಗೆ ಆ ಸಂಚಿಕೆಯ ದೊಡ್ಡ ಪಕ್ಷಪಾತ ಕಂಡದ್ದು ಅಲ್ಲಿ. ಒಂದು ಪಕ್ಷಕ್ಕೆ ಹೆಚ್ಚು, ಇನ್ನೊಂದಕ್ಕೆ ಕಡಿಮೆ ಸಿಕ್ಕದ್ದು ಎರಡನೇ ಮಾತು. ಓದುಗರನ್ನು ಬಿಟ್ಟು ವೇದಿಕೆಯ ಕಡೆ ಮುಖ ಮಾಡಿ ನಿಂತದ್ದು ಮೊದಲ ಮಾತು.

'ಜನಸಾಗರ' ಎಂಬ ತಲೆಬರಹದ ಮೇಲೆ ಸ್ವಲ್ಪ ಹೊತ್ತು ನಿಲ್ಲೋಣ, ಯಾಕೆಂದರೆ ಇದು ನೀವು ನಾಳೆಯೇ ಸರಿಪಡಿಸಿಕೊಳ್ಳಬಹುದಾದ ಸಂಗತಿ. ಸಭೆಗೆ ಎಷ್ಟು ಜನ ಬಂದಿದ್ದರು ಎಂದು ಸಂಘಟಕರನ್ನು ಕೇಳಿದರೆ ಒಂದು ಲೆಕ್ಕ, ಎದುರು ಪಕ್ಷದವರನ್ನು ಕೇಳಿದರೆ ಅದರ ಕಾಲುಭಾಗ. ವರದಿಗಾರ ತನಗೆ ಹತ್ತಿರದವರ ಲೆಕ್ಕ ಹಾಕಿಕೊಳ್ಳುತ್ತಾನೆ. ಇದಕ್ಕೊಂದು ಸುಲಭದ ದಾರಿ ಇದೆ. ಅದು ಹುಟ್ಟಿದ್ದೂ ಒಂದು ಪತ್ರಿಕೋದ್ಯಮ ವಿಭಾಗದಲ್ಲೇ. 1960ರ ದಶಕದಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಹರ್ಬರ್ಟ್ ಜೇಕಬ್ಸ್ ಎಂಬ ಅಧ್ಯಾಪಕರಿದ್ದರು. ಅವರ ಕಚೇರಿಯ ಕಿಟಕಿಯ ಕೆಳಗೆ ವಿದ್ಯಾರ್ಥಿಗಳ ಪ್ರತಿಭಟನೆಗಳು ನಡೆಯುತ್ತಿದ್ದವು, ನೆಲಕ್ಕೆ ಚೌಕಳಿ ಗೆರೆಗಳಿದ್ದವು. ಒಂದೊಂದು ಚೌಕದಲ್ಲಿ ಎಷ್ಟು ಜನ ಎಂದು ಎಣಿಸಿ ಅವರೊಂದು ಸೂತ್ರ ಕಂಡುಕೊಂಡರು. ಜನ ಸಡಿಲವಾಗಿ ನಿಂತಿದ್ದರೆ ತಲೆಗೆ 10 ಚದರ ಅಡಿ, ಒತ್ತೊತ್ತಾಗಿ ನಿಂತಿದ್ದರೆ ನಾಲ್ಕೂವರೆ ಚದರ ಅಡಿ.

ನಮ್ಮ ದರ್ಬಾರ್ ಶಾಲೆಯ ಮೈದಾನದಲ್ಲೊಂದು ಸಭೆ ಎಂದುಕೊಳ್ಳಿ. ಮೈದಾನ ದೊಡ್ಡದು, ಆದರೆ ನಮಗೆ ಬೇಕಾದದ್ದು ಜನ ನಿಂತ ಜಾಗ ಮಾತ್ರ. ಹೆಜ್ಜೆ ಹಾಕಿ ಅಳೆದಿರಿ, 200 ಅಡಿ ಉದ್ದ, 150 ಅಡಿ ಅಗಲ ಬಂತು ಎಂದು ಹಿಡಿಯಿರಿ. ಒಟ್ಟು 30,000 ಚದರ ಅಡಿ. ಸಡಿಲವಾಗಿ ನಿಂತಿದ್ದರೆ 3,000 ಜನ, ಒತ್ತಾಗಿ ನಿಂತಿದ್ದರೆ 6,600ರ ಸುಮಾರು. ಸಂಘಟಕರು 'ಐವತ್ತು ಸಾವಿರ' ಎಂದರೆ ಅದು ಆ ಜಾಗದಲ್ಲಿ ಹಿಡಿಯುವುದಿಲ್ಲ ಎಂದು ನೀವು ಧೈರ್ಯವಾಗಿ ಹೇಳಬಹುದು. ಕುರ್ಚಿ ಹಾಕಿದ್ದರೆ ಇನ್ನೂ ಸುಲಭ, ಸಾಲು ಎಣಿಸಿ, ಸಾಲಿಗೆ ಎಷ್ಟು ಕುರ್ಚಿ ಎಣಿಸಿ, ಗುಣಿಸಿ, ಖಾಲಿ ಇರುವುದನ್ನು ಕಳೆಯಿರಿ. ಸಭೆ ಶುರುವಾದಾಗ ಒಮ್ಮೆ, ಮುಖ್ಯ ಭಾಷಣದ ಹೊತ್ತಿಗೆ ಒಮ್ಮೆ ಎಣಿಸಿ. ಮುಖ್ಯವಾದ ಮಾತೆಂದರೆ, ನಿಮಗೆ ಇಷ್ಟವಾದ ಪಕ್ಷದ ಸಭೆಗೂ ಇಷ್ಟವಿಲ್ಲದ ಪಕ್ಷದ ಸಭೆಗೂ ಇದೇ ಅಳತೆ ಹಿಡಿಯಬೇಕು. ಎಣಿಸಲು ಆಗದಿದ್ದರೆ ಸಂಖ್ಯೆಯನ್ನೇ ಬಿಡಿ. ಮೈದಾನ ಎಲ್ಲಿಯವರೆಗೆ ತುಂಬಿತ್ತು, ಜನ ಎಷ್ಟು ಹೊತ್ತಿಗೆ ಎದ್ದು ಹೋಗತೊಡಗಿದರು ಎಂದು ಕಂಡದ್ದನ್ನು ಬರೆಯಿರಿ.

ಇನ್ನು ಕ್ರಿಯಾಪದಗಳು. ಕನ್ನಡ ಪತ್ರಿಕೆಗಳ ತಲೆಬರಹ ನೋಡಿ ಬೆಳೆದ ನಮಗೆ ಇವು ಬಾಯಿಪಾಠ. ಗುಡುಗಿದರು, ಕಿಡಿ ಕಾರಿದರು, ವಾಗ್ದಾಳಿ ನಡೆಸಿದರು, ತಿರುಗೇಟು ಕೊಟ್ಟರು. ನಮಗೆ ಬೇಕಾದವರಾದರೆ 'ಸ್ಪಷ್ಟಪಡಿಸಿದರು', ಬೇಡವಾದವರಾದರೆ 'ಹರಿಹಾಯ್ದರು'. ಒಬ್ಬರು ಮಾಡಿದ ಆರೋಪ ನಮಗೆ ಒಪ್ಪಿತವಾದರೆ 'ಬಯಲಿಗೆಳೆದರು' ಎನ್ನುತ್ತೇವೆ. ಆ ಒಂದು ಪದ ಹಾಕಿದ ಕ್ಷಣ ಆರೋಪ ಸಾಬೀತಾದಂತೆ ಓದುಗರಿಗೆ ಕೇಳುತ್ತದೆ. ನಿಮ್ಮ ಪತ್ರಿಕೆಯ ಸುದ್ದಿ ಪುಟದಲ್ಲಿ 'ಹೇಳಿದರು', 'ಕೇಳಿದರು', 'ಆರೋಪಿಸಿದರು', 'ಉತ್ತರಿಸಿದರು' ಇಷ್ಟೇ ಸಾಕು. ಓದಲು ಸಪ್ಪೆ ಎನಿಸಬಹುದು. ಆದರೆ ಭಾಷಣದಲ್ಲಿ ಹುರುಳಿದ್ದರೆ ಅದನ್ನು ಉಲ್ಲೇಖಿಸಿದಾಗ ತಾನಾಗಿಯೇ ಕಾಣುತ್ತದೆ.

ಈಗ ಸರಿಸಮ ಜಾಗದ ಮಾತಿಗೆ ಬರುತ್ತೇನೆ. ಅಳತೆಪಟ್ಟಿ ಹಿಡಿದು ಪ್ರತಿ ಅಭ್ಯರ್ಥಿಗೂ ಇಷ್ಟೇ ಸೆಂಟಿಮೀಟರ್ ಎಂದು ಕೊಟ್ಟರೆ ಏನಾಗುತ್ತದೆ? ಎಲ್ಲರ ಭಾಷಣವೂ ಸಮನಾಗಿ ಅಚ್ಚಾಗುತ್ತದೆ. ಒಬ್ಬರು ಹೇಳಿದ ಸುಳ್ಳಿಗೂ ಇನ್ನೊಬ್ಬರು ಹೇಳಿದ ನಿಜಕ್ಕೂ ಒಂದೇ ಅಳತೆ. ಹಣ ಇಲ್ಲದೆ ನಿಂತ ಪಕ್ಷೇತರ ಸಭೆಯನ್ನೇ ಮಾಡಿಲ್ಲ, ಆದ್ದರಿಂದ ಅವರ ಸುದ್ದಿಯೇ ಇಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಏನು ಮಾತಾಡಬೇಕು ಎಂಬುದನ್ನು ಅಭ್ಯರ್ಥಿಗಳೇ ತೀರ್ಮಾನಿಸುತ್ತಾರೆ, ಪತ್ರಿಕೆ ಬರೆದುಕೊಳ್ಳುತ್ತದೆ. ನಾನು ಕೇಳುವುದು ಸಮಾನ ಪ್ರಶ್ನೆ. ಓದುಗರ ಬದುಕಿನಿಂದ ಹುಟ್ಟಿದ ಪ್ರಶ್ನೆಗಳನ್ನು ಮೊದಲು ಬರೆದಿಟ್ಟುಕೊಂಡು, ಅವನ್ನೇ, ಒಂದಕ್ಷರ ಬದಲಿಸದೆ, ಎಲ್ಲ ಅಭ್ಯರ್ಥಿಗಳ ಮುಂದೆ ಇಡಿ. ಉತ್ತರ ಕೊಟ್ಟವರದು ಅಚ್ಚಾಗಲಿ, ಕೊಡದವರ ಹೆಸರಿನ ಮುಂದೆ 'ಉತ್ತರ ಬಂದಿಲ್ಲ' ಎಂದು ಅಚ್ಚಾಗಲಿ.

ಆ ಬಸ್ಸಿನ ಸುದ್ದಿಯನ್ನೇ ತೆಗೆದುಕೊಳ್ಳಿ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾಗಿ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣ ಬಂತು. ಚುನಾವಣೆಯಲ್ಲಿ ಗ್ಯಾರಂಟಿ ಎಂಬ ಪದ ಬಂದರೆ ಸಾಕು, ಬರೆಯುವವರು ಎರಡು ಪಾಳಯ ಆಗುತ್ತಾರೆ. ಒಂದು ಪಾಳಯದವರು ಆಧಾರ್ ಕಾರ್ಡ್ ತೋರಿಸಿ ನಗುವ ಅಜ್ಜಿಯ ಫೋಟೋ ಹಾಕುತ್ತಾರೆ. ಇನ್ನೊಂದು ಪಾಳಯದವರು ಬಾಗಿಲಿಗೆ ಜೋತುಬಿದ್ದ ಹುಡುಗರ ಫೋಟೋ ಹಾಕುತ್ತಾರೆ. ಎರಡೂ ನಿಜ. ಸರಿಸಮ ಜಾಗದವರು ಎರಡೂ ಫೋಟೋ ಅಕ್ಕಪಕ್ಕ ಹಾಕಿ ಕೈ ತೊಳೆದುಕೊಳ್ಳುತ್ತಾರೆ.

ನೀವು ಹಾಗೆ ಮಾಡಬೇಡಿ. ಸಿಂದಗಿಯಿಂದಲೋ ಇಂಡಿಯಿಂದಲೋ ತಿಕೋಟಾದಿಂದಲೋ ಬೆಳಗಿನ ಬಸ್ಸು ಹತ್ತಿ. ಮಹಿಳೆಯರಿಗೂ ಕಂಡಕ್ಟರ್ ಶೂನ್ಯ ದರದ ಟಿಕೆಟ್ ಹರಿದು ಕೊಡಲೇಬೇಕು, ಆದ್ದರಿಂದ ಯಾವ ಬಸ್ಸಿನಲ್ಲಿ ಎಷ್ಟು ಮಹಿಳೆಯರು ಬಂದರು ಎಂಬ ಲೆಕ್ಕ ನಿಗಮದ ಬಳಿ ಇರುತ್ತದೆ. ವಿಜಯಪುರದ ಬಸ್ಸುಗಳು ಕಲ್ಯಾಣ ಕರ್ನಾಟಕ ಸಾರಿಗೆ ನಿಗಮಕ್ಕೆ ಸೇರಿದವು, ಬಾಗಲಕೋಟೆ ಮತ್ತು ಬೆಳಗಾವಿಯವು ವಾಯವ್ಯ ಕರ್ನಾಟಕ ನಿಗಮಕ್ಕೆ. ಡಿಪೋ ಮ್ಯಾನೇಜರರ ಬಳಿ ಹೋಗಿ ಈ ಮಾರ್ಗದಲ್ಲಿ ಬೆಳಗ್ಗೆ ಎಷ್ಟು ಟ್ರಿಪ್ ಇದ್ದವು, ಈಗ ಎಷ್ಟಿವೆ ಎಂದು ಕೇಳಿ. ಕೊಡದಿದ್ದರೆ ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿಯ ಅರ್ಜಿ ಹಾಕಿ. ಆಮೇಲೆ ವಿದ್ಯಾರ್ಥಿ ಪಾಸಿನ ಹುಡುಗ, ಉಚಿತ ಪ್ರಯಾಣದ ಹುಡುಗಿ, ಕೂಲಿಗೆ ಹೊರಟ ಹೆಂಗಸು, ಕಂಡಕ್ಟರ್ ಎಲ್ಲರನ್ನೂ ಮಾತಾಡಿಸಿ. ಮನೆಯವರು ಬಸ್ ಚಾರ್ಜಿಗೆ ಹಿಂದೆಮುಂದೆ ನೋಡಿ ಕಾಲೇಜು ಬಿಡಿಸುತ್ತಿದ್ದ ಹುಡುಗಿ ಈಗ ಬರುತ್ತಿದ್ದಾಳೆ ಎನ್ನುವುದೂ ಸಿಗಬಹುದು, ಅದೇ ಹುಡುಗಿಗೆ ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ ಎನ್ನುವುದೂ ಸಿಗಬಹುದು. ಅಷ್ಟಾದ ಮೇಲೆ ಎಲ್ಲ ಅಭ್ಯರ್ಥಿಗಳಿಗೂ ಒಂದೇ ಪ್ರಶ್ನೆ: ಈ ಮಾರ್ಗಕ್ಕೆ ಬೆಳಗಿನ ಹೆಚ್ಚುವರಿ ಬಸ್ಸು ತರಲು ನೀವು ಏನು ಮಾಡುತ್ತೀರಿ? ಯೋಜನೆ ತಂದವರೂ ತಪ್ಪಿಸಿಕೊಳ್ಳಲಾರರು, ಟೀಕಿಸುವವರೂ ತಪ್ಪಿಸಿಕೊಳ್ಳಲಾರರು.

ನೌಕರಿಯ ವಿಷಯವೂ ಹೀಗೆಯೇ. 545 ಪಿಎಸ್‌ಐ ಹುದ್ದೆಗಳಿಗೆ 2021ರ ಅಕ್ಟೋಬರ್‌ನಲ್ಲಿ ನಡೆದ ಪರೀಕ್ಷೆ ಅಕ್ರಮದ ಕಾರಣಕ್ಕೆ 2022ರಲ್ಲಿ ರದ್ದಾಯಿತು. ಅದು ಒಂದು ಸರ್ಕಾರದ ಕಾಲ. ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500 ರೂಪಾಯಿಯ ಯುವನಿಧಿ ಇನ್ನೊಂದು ಸರ್ಕಾರದ ಯೋಜನೆ, ಅದೂ ಗರಿಷ್ಠ ಎರಡು ವರ್ಷಕ್ಕೆ. ಧಾರವಾಡಕ್ಕೆ ಕೋಚಿಂಗಿಗೆ ಹೋಗಿ ರೂಮು ಮಾಡಿಕೊಂಡಿರುವ ನಿಮ್ಮ ಅಣ್ಣ ಅಕ್ಕಂದಿರಿಗೆ ಎರಡೂ ತಟ್ಟಿವೆ. ಒಂದನ್ನು ನೆನಪಿಟ್ಟು ಇನ್ನೊಂದನ್ನು ಮರೆಯುವ ಪತ್ರಿಕೆ ಅವರ ಪರ ಇಲ್ಲ.

ಅಭ್ಯರ್ಥಿಗಳ ಬಗ್ಗೆ ಬರೆಯುವುದಾದರೆ ಅವರ ಭಾಷಣಕ್ಕಿಂತ ಅವರ ಅಫಿಡವಿಟ್ ನೋಡಿ. ಸುಪ್ರೀಂ ಕೋರ್ಟಿನ 2002 ಮತ್ತು 2003ರ ತೀರ್ಪುಗಳ ನಂತರ ಪ್ರತಿ ಅಭ್ಯರ್ಥಿಯೂ ನಾಮಪತ್ರದ ಜೊತೆ ತನ್ನ ಓದು, ಆಸ್ತಿ, ಸಾಲ, ಮೇಲಿರುವ ಕ್ರಿಮಿನಲ್ ಪ್ರಕರಣ ಎಲ್ಲವನ್ನೂ ಪ್ರಮಾಣ ಮಾಡಿ ಬರೆದುಕೊಡಬೇಕು. ಚುನಾವಣಾ ಆಯೋಗದ ಜಾಲತಾಣದಲ್ಲಿ ಅದು ಯಾರಿಗಾದರೂ ಸಿಗುತ್ತದೆ. ಒಂದು ಕೋಷ್ಟಕ ಮಾಡಿ, ಎಲ್ಲರ ವಿವರವನ್ನೂ ಒಂದೇ ಕ್ರಮದಲ್ಲಿ ಹಾಕಿ, ಪಕ್ಷೇತರರನ್ನೂ ಸೇರಿಸಿ. ಮುಖಪುಟಕ್ಕೆ ಇದು ರೋಡ್ ಶೋ ಫೋಟೋಗಿಂತ ಹೆಚ್ಚು ಯೋಗ್ಯ ಎಂದು ನನ್ನ ಅಭಿಪ್ರಾಯ.

ಇಲ್ಲಿಯವರೆಗೆ ಬರೆಯುವವರ ಕೈಯಲ್ಲಿರುವ ಪಕ್ಷಪಾತದ ಮಾತಾಯಿತು. ಇನ್ನೊಂದು, ಮೇಲಿನಿಂದ ಬರುವುದು. ನಮ್ಮ ಜಿಲ್ಲೆಗಳಲ್ಲಿ ಶಿಕ್ಷಣ ಸಂಸ್ಥೆ ಕಟ್ಟಿದವರೂ ಚುನಾವಣೆಗೆ ನಿಲ್ಲುವವರೂ ಎಷ್ಟೋ ಕಡೆ ಒಂದೇ ಮನೆತನದವರು. ಆ ಸಂಸ್ಥೆಗಳು ಇಲ್ಲದಿದ್ದರೆ ಈ ಭಾಗದ ಸಾವಿರಾರು ಮಕ್ಕಳು ಕಾಲೇಜಿನ ಮೆಟ್ಟಿಲು ಹತ್ತುತ್ತಿರಲಿಲ್ಲ, ಅದನ್ನು ಗೌರವದಿಂದಲೇ ಹೇಳುತ್ತೇನೆ. ಆದರೆ ಸಂಸ್ಥೆಯ ಅಧ್ಯಕ್ಷರೇ ಕಣದಲ್ಲಿದ್ದಾಗ ಪತ್ರಿಕೆಗೆ ಯಾರೂ ಆದೇಶ ಕೊಡಬೇಕಾಗಿಯೇ ಇಲ್ಲ. ಪ್ರಾಧ್ಯಾಪಕರು ತಾವಾಗಿಯೇ ಒಂದು ಸಾಲು ತೆಗೆಯುತ್ತಾರೆ, ವಿದ್ಯಾರ್ಥಿ ಅದಕ್ಕೂ ಮೊದಲೇ ಬರೆಯದೆ ಬಿಟ್ಟಿರುತ್ತಾನೆ. ಜೊತೆಗೆ 'ಶುಭ ಕೋರುವವರು' ಎಂಬ ಜಾಹೀರಾತುಗಳು ಬರುತ್ತವೆ. ಭಾರತೀಯ ಪತ್ರಿಕಾ ಮಂಡಳಿ ಚುನಾವಣಾ ವರದಿಗೆಂದೇ 1996ರಲ್ಲಿ ಮಾರ್ಗಸೂಚಿ ಕೊಟ್ಟಿದೆ. ಅಭ್ಯರ್ಥಿಯಿಂದಾಗಲಿ ಪಕ್ಷದಿಂದಾಗಲಿ ಯಾವ ಆತಿಥ್ಯ, ಸೌಲಭ್ಯವನ್ನೂ ಪಡೆಯಬಾರದು ಎಂದು ಅದರಲ್ಲಿದೆ. ಕಾಸಿಗಾಗಿ ಸುದ್ದಿ ಎಂಬ ಪಿಡುಗಿನ ಬಗ್ಗೆ ಅದೇ ಮಂಡಳಿಯ ಉಪಸಮಿತಿ 2010ರಲ್ಲಿ ವರದಿ ಕೊಡಬೇಕಾಗಿ ಬಂತು. ದೊಡ್ಡ ಪತ್ರಿಕೆಗಳೇ ಜಾರಿದ ಜಾಗ ಅದು.

ಆಡಳಿತದ ಕೈ ಎಲ್ಲ ದೇಶದಲ್ಲೂ ಉದ್ದ. ಅಮೆರಿಕದ ಮಿಸ್ಸೂರಿಯ ಹೇಜಲ್‌ವುಡ್ ಈಸ್ಟ್ ಹೈಸ್ಕೂಲಿನಲ್ಲಿ 1983ರಲ್ಲಿ ಮುಖ್ಯಸ್ಥರು ವಿದ್ಯಾರ್ಥಿ ಪತ್ರಿಕೆಯ ಎರಡು ಪುಟಗಳನ್ನೇ ತೆಗೆಸಿದರು. ವಿದ್ಯಾರ್ಥಿಗಳು ಕೋರ್ಟಿಗೆ ಹೋದರು. 1988ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಶಾಲೆಯ ಪರ ತೀರ್ಪು ಕೊಟ್ಟಿತು. ಮಾತು ಅಲ್ಲಿಗೇ ಮುಗಿಯಲಿಲ್ಲ, ಆಮೇಲೆ ಹಲವು ರಾಜ್ಯಗಳಲ್ಲಿ ವಿದ್ಯಾರ್ಥಿ ಪತ್ರಿಕೆಗೆ ರಕ್ಷಣೆ ಕೊಡುವ ಕಾನೂನುಗಳು ಬಂದವು. ಇತ್ತೀಚಿನದು ದೊಡ್ಡವರ ಪತ್ರಿಕೆಯದು. 2024ರ ಅಕ್ಟೋಬರ್ 25ರಂದು, ಅಧ್ಯಕ್ಷೀಯ ಚುನಾವಣೆಗೆ ಎರಡು ವಾರವೂ ಇಲ್ಲದಾಗ, ವಾಷಿಂಗ್ಟನ್ ಪೋಸ್ಟ್ ತಾನು ಇನ್ನು ಅಧ್ಯಕ್ಷ ಸ್ಥಾನದ ಯಾವ ಅಭ್ಯರ್ಥಿಯನ್ನೂ ಅನುಮೋದಿಸುವುದಿಲ್ಲ ಎಂದಿತು. ತೀರ್ಮಾನ ಮಾಲೀಕರದು. ಎರಡು ಲಕ್ಷಕ್ಕೂ ಹೆಚ್ಚು ಜನ ಚಂದಾ ಬಿಟ್ಟರು. ಅನುಮೋದಿಸದಿರುವುದು ತಪ್ಪೇನಲ್ಲ. ಯಾವಾಗ ತೀರ್ಮಾನಿಸಿದರು, ಯಾರು ತೀರ್ಮಾನಿಸಿದರು ಎಂಬುದು ಓದುಗರನ್ನು ಕೆರಳಿಸಿತು.

ಆದ್ದರಿಂದ ನಿಮ್ಮ ನಿಯಮಗಳನ್ನು ಚುನಾವಣೆ ಘೋಷಣೆಯಾಗುವ ಮೊದಲೇ, ತಲೆ ತಣ್ಣಗಿರುವಾಗ ಬರೆದುಕೊಳ್ಳಿ. ಯಾರ ಜಾಹೀರಾತು ತೆಗೆದುಕೊಳ್ಳುತ್ತೇವೆ, ಆಡಳಿತ ಮಂಡಳಿಯವರು ನಿಂತರೆ ಆ ಸುದ್ದಿಯನ್ನು ಯಾರು ನೋಡುತ್ತಾರೆ, ಸಂಪಾದಕ ಮಂಡಳಿಯಲ್ಲಿ ಯಾರಾದರೂ ಪಕ್ಷದ ವಿದ್ಯಾರ್ಥಿ ಸಂಘಟನೆಯ ಪದಾಧಿಕಾರಿ ಆಗಿದ್ದರೆ ಏನು ಮಾಡುತ್ತೇವೆ. ಪ್ರಾಂಶುಪಾಲರ ಸಹಿ ತೆಗೆದುಕೊಂಡು ಆ ನಿಯಮಗಳನ್ನು ಪತ್ರಿಕೆಯಲ್ಲೇ ಅಚ್ಚು ಹಾಕಿ. ಸಂಸ್ಥೆಗೂ ಅಭ್ಯರ್ಥಿಗೂ ಸಂಬಂಧವಿದ್ದರೆ ವರದಿಯ ಕೆಳಗೆ ಒಂದು ಸಾಲಿನಲ್ಲಿ ಅದನ್ನು ಹೇಳಿಬಿಡಿ.

ಕಾನೂನಿನ ಎರಡು ಮಾತು, ಬೇಗ ಮುಗಿಸುತ್ತೇನೆ. ಪ್ರಜಾಪ್ರತಿನಿಧಿ ಕಾಯ್ದೆ, 1951ರ 127ಎ ಕಲಂ ಪ್ರಕಾರ ಅಭ್ಯರ್ಥಿಯ ಪರವೋ ವಿರುದ್ಧವೋ ಹಂಚುವ ಕರಪತ್ರದ ಮೇಲೆ ಮುದ್ರಕರ ಮತ್ತು ಪ್ರಕಾಶಕರ ಹೆಸರು ವಿಳಾಸ ಇರಲೇಬೇಕು. ಇಲ್ಲದಿದ್ದರೆ ಆರು ತಿಂಗಳವರೆಗೆ ಜೈಲು ಅಥವಾ ಎರಡು ಸಾವಿರದವರೆಗೆ ದಂಡ ಅಥವಾ ಎರಡೂ. ಒಬ್ಬ ಅಭ್ಯರ್ಥಿಯನ್ನು ಹೊಗಳುವ 'ವಿಶೇಷ ಪುರವಣಿ' ತಂದು ಹಂಚಿದರೆ ಅದು ಪತ್ರಿಕೆ ಎಂದು ನೀವು ಹೇಳಬಹುದು, ಕಾನೂನು ಅದನ್ನು ಕರಪತ್ರ ಎಂದು ನೋಡಬಹುದು. ಎರಡನೆಯದು 126ಎ. ಮತಗಟ್ಟೆಯಿಂದ ಹೊರಬಂದವರನ್ನು ಕೇಳಿ ಎಕ್ಸಿಟ್ ಪೋಲ್ ಮಾಡಿ, ಆಯೋಗ ನಿಷೇಧಿಸಿದ ಅವಧಿಯಲ್ಲಿ ಎಲ್ಲಿ ಪ್ರಕಟಿಸಿದರೂ ಎರಡು ವರ್ಷದವರೆಗೆ ಶಿಕ್ಷೆ ಇದೆ. 2024ರಲ್ಲಿ ನಮ್ಮಲ್ಲಿ ಮೇ 7ಕ್ಕೇ ಮತದಾನ ಮುಗಿದಿತ್ತು, ಆದರೆ ದೇಶದ ಕೊನೆಯ ಹಂತ ಜೂನ್ 1ಕ್ಕೆ ಇದ್ದುದರಿಂದ ಅವತ್ತಿನ ಸಂಜೆವರೆಗೂ ನಿಷೇಧವಿತ್ತು. ನಿಮ್ಮ ಪತ್ರಿಕೆಯ ಇನ್‌ಸ್ಟಾಗ್ರಾಂ ಪುಟಕ್ಕೂ ಇದು ಅನ್ವಯಿಸುತ್ತದೆ.

ಮತದಾನಕ್ಕೆ ತುಂಬ ಮೊದಲೇ ಮಾಡುವ 'ಕ್ಯಾಂಪಸ್ ಸಮೀಕ್ಷೆ' ಕಾನೂನುಬದ್ಧವಾಗಿದ್ದರೂ ಎಚ್ಚರ ಬೇಕು. 1936ರ ಅಧ್ಯಕ್ಷೀಯ ಚುನಾವಣೆಗೆ ಮೊದಲು ಅಮೆರಿಕದ ಲಿಟರರಿ ಡೈಜೆಸ್ಟ್ ಎಂಬ ವಾರಪತ್ರಿಕೆ ಸುಮಾರು ಒಂದು ಕೋಟಿ ಜನರಿಗೆ ಕಾರ್ಡು ಕಳಿಸಿ, 23 ಲಕ್ಷಕ್ಕೂ ಹೆಚ್ಚು ಉತ್ತರ ಪಡೆದು, ರೂಸ್‌ವೆಲ್ಟ್ ಸೋಲುತ್ತಾರೆ ಎಂದು ಬರೆಯಿತು. ಅವರು 48 ರಾಜ್ಯಗಳಲ್ಲಿ 46 ಗೆದ್ದರು. ಕಾರ್ಡು ಹೋದದ್ದು ಹೆಚ್ಚಾಗಿ ಟೆಲಿಫೋನು, ಕಾರು ಇದ್ದವರಿಗೆ. ರಾಶಿಯ ಮೇಲಿನ ಹಿಡಿ ಜೋಳ ನೋಡಿ ತಳದ ಕಾಳಿನ ಬೆಲೆ ಕಟ್ಟಿದ ಹಾಗಾಯಿತು. ನಿಮ್ಮ ವಿಭಾಗದ ವಾಟ್ಸ್ಆ್ಯಪ್ ಗುಂಪಿನಲ್ಲಿ ಮಾಡಿದ ಸಮೀಕ್ಷೆಗೆ 'ವಿಜಯಪುರದ ಯುವಜನರ ಒಲವು' ಎಂದು ತಲೆಬರಹ ಕೊಡಲು ಬರುವುದಿಲ್ಲ.

ಇದೇ ಮಾತು ನೀವು ಯಾರನ್ನು ಮಾತಾಡಿಸುತ್ತೀರಿ ಎಂಬುದಕ್ಕೂ ಸಲ್ಲುತ್ತದೆ. 'ಮೊದಲ ಬಾರಿ ಮತ ಹಾಕುವವರು ಏನಂತಾರೆ' ಎಂಬ ಪುಟ ಪ್ರತಿ ಕಾಲೇಜು ಪತ್ರಿಕೆಯಲ್ಲೂ ಇರುತ್ತದೆ. ಅದರಲ್ಲಿರುವ ಆರು ಮುಖಗಳು ಯಾರವು? ಬಹುತೇಕ ವರದಿಗಾರನ ಗೆಳೆಯರದು, ಒಂದೇ ಹಾಸ್ಟೆಲಿನವರದು, ಎಷ್ಟೋ ಸಲ ಒಂದೇ ಸಮುದಾಯದವರದು. ಬೆಳಗಾವಿಯ ಕಾಲೇಜಿನಲ್ಲಿ ಮನೆಯಲ್ಲಿ ಮರಾಠಿ ಆಡುವ ವಿದ್ಯಾರ್ಥಿ ಆ ಪುಟದಲ್ಲಿ ಇಲ್ಲದಿದ್ದರೆ, ಇಲ್ಲಿ ಉರ್ದು ಆಡುವ ವಿದ್ಯಾರ್ಥಿನಿ ಇಲ್ಲದಿದ್ದರೆ, ಸುಗ್ಗಿ ಮುಗಿದ ಮೇಲೆ ಅಪ್ಪ ಅವ್ವ ಮಹಾರಾಷ್ಟ್ರಕ್ಕೋ ಗೋವಾಕ್ಕೋ ದುಡಿಯಲು ಹೋದ ತಾಂಡಾದ ಹುಡುಗ ಇಲ್ಲದಿದ್ದರೆ, ಬಾಗಲಕೋಟೆಯಲ್ಲಿ ಆಲಮಟ್ಟಿ ಹಿನ್ನೀರಿಗೆ ಊರು ಬಿಟ್ಟು ಬಂದ ಮನೆಯವರು ಇಲ್ಲದಿದ್ದರೆ, ಆ ಪುಟ ಊರಿನದಲ್ಲ. ಇವರನ್ನು ಸೇರಿಸಿದರೆ ಪಕ್ಷಗಳ ಲೆಕ್ಕವೂ ತಾನಾಗಿಯೇ ಸರಿಹೋಗುತ್ತದೆ, ಯಾಕೆಂದರೆ ನಿಮ್ಮ ಗೆಳೆಯರ ಗುಂಪಿನ ಆಚೆ ಬೇರೆ ಬೇರೆ ಮತಗಳಿವೆ.

ಇನ್ನು ನಿಮ್ಮ ಪ್ರಶ್ನೆಗಳು.

ಒಬ್ಬ ವಿದ್ಯಾರ್ಥಿನಿ ಕೇಳಿದಳು: 'ಸರ್, ಒಂದು ಪಕ್ಷ ನಿಜವಾಗ್ಲೂ ತಪ್ಪು ಮಾಡೇತಿ ಅಂತ ನಮಗ ದಾಖಲೆ ಸಿಕ್ರ, ಆಗೂ ಎರಡೂ ಕಡೆ ತೂಗಿಸಬೇಕೇನ್ರಿ?'

ಬೇಡಮ್ಮ. ದಾಖಲೆ ಗಟ್ಟಿಯಿದ್ದರೆ ದೊಡ್ಡದಾಗಿಯೇ ಬರಿ. ಅಚ್ಚಿಗೆ ಕಳಿಸುವ ಮೊದಲು ಅವರ ಉತ್ತರ ಕೇಳು, ಉತ್ತರಿಸಲು ಸಾಕಷ್ಟು ಸಮಯ ಕೊಡು, ಅವರು ಹೇಳಿದ್ದನ್ನು ಅದೇ ವರದಿಯೊಳಗೆ ಹಾಕು. ತೂಗಿಸುವ ನೆಪಕ್ಕೆ ಇನ್ನೊಂದು ಪಕ್ಷದ ಯಾವುದೋ ಹಳೇ ತಪ್ಪನ್ನು ಹುಡುಕಿ ಪಕ್ಕಕ್ಕಿಡಬೇಕಾಗಿಲ್ಲ. ಆದರೆ ನಾಳೆ ಇನ್ನೊಂದು ಪಕ್ಷದ ವಿರುದ್ಧ ಇಂಥದೇ ದಾಖಲೆ ಸಿಕ್ಕರೆ ಇಷ್ಟೇ ದೊಡ್ಡದಾಗಿ, ಇದೇ ಪುಟದಲ್ಲಿ ಹಾಕುತ್ತೀಯಾ ಎಂದು ನಿನ್ನನ್ನು ಕೇಳಿಕೋ. ಹೌದು ಎಂದರೆ ಕಳಿಸು.

ಇನ್ನೊಬ್ಬ ಹುಡುಗ: 'ಸರ್, ಗ್ರಾಮ ಪಂಚಾಯ್ತಿ ಎಲೆಕ್ಷನ್‌ಗೆ ನಮ್ಮ ಸ್ವಾದರಮಾವನ ನಿಂದರ್ತಾನ್ರಿ. ಆ ಊರಿನ ಸುದ್ದಿ ನಾ ಬರೀಬಹುದೇನ್ರಿ?'

ಒಳ್ಳೆಯ ಪ್ರಶ್ನೆ. ಗ್ರಾಮ ಪಂಚಾಯತಿ ಚುನಾವಣೆಗೆ ಪಕ್ಷದ ಚಿಹ್ನೆ ಇರುವುದಿಲ್ಲ, ಹಾಗಾಗಿ ಅಲ್ಲಿ ಪಕ್ಷಪಾತವೇ ಇಲ್ಲ ಎಂದು ಕೆಲವರು ತಿಳಿಯುತ್ತಾರೆ. ಅಲ್ಲಿ ಅದು ಓಣಿ, ಮನೆತನ, ಬೀಗತನದ ರೂಪದಲ್ಲಿ ಬರುತ್ತದೆ, ಹಿಡಿಯುವುದು ಇನ್ನೂ ಕಷ್ಟ. ನಿಮ್ಮ ಮಾವ ನಿಂತ ವಾರ್ಡಿನ ಸುದ್ದಿಯನ್ನು ನೀನು ಬರೆಯಬೇಡ, ನೀನು ಎಷ್ಟೇ ಪ್ರಾಮಾಣಿಕವಾಗಿ ಬರೆದರೂ ಎದುರಿಗೆ ನಿಂತವರ ಮನೆಯವರು ಅದನ್ನು ನಂಬುವುದಿಲ್ಲ, ಅವರು ನಂಬದಿರುವುದು ನ್ಯಾಯವೇ. ನಿನ್ನ ಸಂಪಾದಕರಿಗೆ ಇವತ್ತೇ ಹೇಳು. ಆ ಊರಿಗೆ ಬೇರೆಯವರನ್ನು ಕಳಿಸಲಿ, ಯಾರ ಮನೆ ಎಲ್ಲಿದೆ, ಯಾವ ಓಣಿಗೆ ನೀರು ಬರುವುದಿಲ್ಲ ಎಂಬುದನ್ನು ನೀನು ಅವರಿಗೆ ತಿಳಿಸಿಕೊಡು. ನೀನು ಪಕ್ಕದ ಪಂಚಾಯತಿಗೆ ಹೋಗು. ಅಲ್ಲಿ ನಿನಗೆ ಮಾವ ಇಲ್ಲ ತಾನೇ? ಹಾಗಿದ್ದರೆ ಮತದಾರರ ಪಟ್ಟಿ ತೆಗೆದುಕೊಂಡು ಸೋಮವಾರವೇ ಹೊರಡು.